ಕ್ರೋಧದ ನಿಮಿತ್ತ ಕರುಳಿನಲ್ಲಿದ್ದರೆ

ಉದರಕ್ಕೂ ಚಿತ್ತಕ್ಕೂ ನಂಟುಂಟೆಂಬುದು ಉಪವಾಸದ ಅನುಭವವುಳ್ಳ ಶ್ರಾವಕ-ಶ್ರಾವಿಕೆಯರಿಗೆ ಹೊಸ ಮಾತಲ್ಲ. ಆದರೆ ಆ ನಂಟಿನ ನಡುವೆ ಕರುಳಿನಲ್ಲಿ ನೆಲೆಸಿರುವ ಕೋಟ್ಯನುಕೋಟಿ ಸೂಕ್ಷ್ಮಜೀವಿಗಳ ಕೈವಾಡವೂ ಇರಬಹುದೆಂದು ವಿಜ್ಞಾನವು ಹೇಳತೊಡಗಿದ ಮೇಲೆ ನೈತಿಕ ಪ್ರಶ್ನೆಯೊಂದು ಎದ್ದಿದೆ. ಸಿಡುಕು, ಭಯ, ವಿಷಾದಗಳಿಗೆ ಈ ಜೀವಿಗಳೂ ನಿಮಿತ್ತವಾದರೆ ಹೊಣೆ ಯಾರದು?

2004ರಲ್ಲಿ ಜಪಾನಿನ ಕ್ಯೂಷು ವಿಶ್ವವಿದ್ಯಾಲಯದ ಸಂಶೋಧಕರು, ಸೂಕ್ಷ್ಮಜೀವಿಗಳ ಸೋಂಕೇ ಇಲ್ಲದಂತೆ ಬೆಳೆಸಿದ ಇಲಿಗಳನ್ನು ಇಕ್ಕಟ್ಟಿನಲ್ಲಿರಿಸಿದಾಗ, ಅವುಗಳ ರಕ್ತದಲ್ಲಿ ಒತ್ತಡದ ಹಾರ್ಮೋನುಗಳು ಸಾಮಾನ್ಯ ಇಲಿಗಳಿಗಿಂತ ಹೆಚ್ಚು ಏರುವುದನ್ನು ಕಂಡರು. 2011ರಲ್ಲಿ ಐರ್ಲೆಂಡಿನ ಕಾರ್ಕ್ ನಗರದ ವಿಜ್ಞಾನಿಗಳು ಪಾಲ್ಗೊಂಡ ಅಧ್ಯಯನದಲ್ಲಿ, ಲ್ಯಾಕ್ಟೋಬ್ಯಾಸಿಲಸ್ ಜಾತಿಯ ಒಂದು ಬಗೆಯನ್ನು ಉಣಿಸಿದ ಇಲಿಗಳ ಅಂಜಿಕೆ ತಗ್ಗಿತು. ಕರುಳನ್ನೂ ಮಿದುಳನ್ನೂ ಬೆಸೆಯುವ ವೇಗಸ್ ನರವನ್ನು ಕತ್ತರಿಸಿದವುಗಳಲ್ಲಿ ಆ ಫಲ ಕಾಣಲಿಲ್ಲ. ಈ ಅರಿವಿಗಾಗಿ ಮೂಕಪ್ರಾಣಿಗಳು ತೆತ್ತ ಬೆಲೆಯನ್ನು ಅಹಿಂಸಾಧರ್ಮಿಗಳು ಮರೆಯಲಾಗದು. ಅದೇ ಜೀವಾಣುವನ್ನು ಆರೋಗ್ಯವಂತ ಪುರುಷರಿಗೆ ಕೊಟ್ಟಾಗ ಹುಸಿಮದ್ದಿಗಿಂತ ಮಿಗಿಲಾದ ಫಲ ದೊರೆಯಲಿಲ್ಲವೆಂದು 2017ರಲ್ಲಿ ಪ್ರಕಟವಾಯಿತು. ಆದ್ದರಿಂದ ಇಲಿಯ ಲೆಕ್ಕವನ್ನು ಹಾಗೆಯೇ ಮನುಷ್ಯನ ಖಾತೆಗೆ ಎತ್ತಿ ಬರೆಯಲಾಗದು.

ಉಪಾದಾನ-ನಿಮಿತ್ತಗಳ ವಿವೇಕ ಇಲ್ಲಿ ನೆರವಿಗೆ ಬರುತ್ತದೆ. ಕಷಾಯದ ಪರಿಣಾಮವು ಜೀವನದೇ; ಹೊರಗಿನದು ನಿಮಿತ್ತಮಾತ್ರ. ಕರುಳಿನ ಹೆಸರು ಹೇಳಿ ಮನೆಮಂದಿಯ ಮೇಲೆ ಹರಿಹಾಯುವವನು ತಪ್ಪಿಸಿಕೊಳ್ಳಲಾರನು. ಆದರೆ ಈ ಮಾತನ್ನೇ ರೋಗಿಯ ಮೇಲೆ ಬೀಸುವುದೂ ಅನ್ಯಾಯ. ಮಳೆಗೆ ನೆನೆದ ಸರಕಿನ ನಷ್ಟವನ್ನು ಗುಮಾಸ್ತನ ಲೆಕ್ಕಕ್ಕೆ ಬರೆಯುವ ವರ್ತಕನು ಪ್ರಾಮಾಣಿಕನಲ್ಲ. ಮಾಡು ಸೋರುವುದನ್ನು ಕಂಡೂ ಸುಮ್ಮನಿದ್ದ ಗುಮಾಸ್ತನ ಮಾತು ಬೇರೆ.

ಖಿನ್ನತೆಯಿಂದ ಮಂಕಾದ ಸೊಸೆಗೆ ‘ಶ್ರದ್ಧೆ ಸಾಲದು’ ಎನ್ನುವ ಮನೆಗಳು ಇಂದಿಗೂ ಇವೆ. ಅದೇ ಮನೆಯಲ್ಲಿ ಮಾವನವರ ಸಕ್ಕರೆ ಕಾಯಿಲೆಗೆ ಯಾರೂ ಶ್ರದ್ಧೆಯ ಕೊರತೆಯನ್ನು ಹುಡುಕುವುದಿಲ್ಲ. ದಶಲಕ್ಷಣ ಪರ್ವ ಬಂದಿತೆಂದು ಆಕೆಯ ರಾತ್ರಿಯ ಮಾತ್ರೆಯನ್ನು ನಿಲ್ಲಿಸುವುದೂ ಉಂಟು. ಇಂಥ ಕೆಲವು ಔಷಧಗಳನ್ನು ಥಟ್ಟನೆ ಬಿಟ್ಟರೆ ತಲೆಸುತ್ತು, ನಿದ್ರಾಭಂಗ, ಕಳವಳ ತಲೆದೋರುತ್ತವೆ, ರೋಗವೂ ಮರುಕಳಿಸಬಹುದು. ಮಾತ್ರೆಯನ್ನು ಸೂರ್ಯಾಸ್ತಕ್ಕೆ ಮುನ್ನ ಕೊಡಬಹುದೇ, ಆಕೆ ಉಪವಾಸ ಕೈಗೊಳ್ಳಬಹುದೇ ಎಂದು ಪರ್ವಕ್ಕೆ ಮೊದಲೇ ವೈದ್ಯರನ್ನು ಕೇಳಬಹುದು. ಬೇಡವೆಂದು ವೈದ್ಯರು ಹೇಳಿದ ವರ್ಷ ಆಕೆ ಸ್ವಾಧ್ಯಾಯದಲ್ಲಿ ಕುಳಿತರೂ ಪರ್ವದ ಆಚರಣೆಗೆ ಭಂಗವಿಲ್ಲ.