ತಪ್ಪಿನ ಮೂಲ

ಯಾವುದಾದರೊಂದು ಕೆಲಸ ಕೆಟ್ಟಿತೆಂದರೆ ಮನುಷ್ಯನ ಬಾಯಿಂದ ಹೊರಡುವ ಪ್ರಶ್ನೆಗಳು ಎರಡು: ಇದು ಎಲ್ಲಿ ಕೆಟ್ಟಿತು, ಇದನ್ನು ಯಾರು ಕೆಡಿಸಿದರು? ಇವೆರಡನ್ನೂ ನಾವು ಸಾಮಾನ್ಯವಾಗಿ ಒಂದೇ ಉಸಿರಿನಲ್ಲಿ ಕೇಳುತ್ತೇವೆ. ಮೊದಲನೆಯದಕ್ಕೆ ಉತ್ತರ ದೊರೆತರೆ ಎರಡನೆಯದಕ್ಕೂ ದೊರೆತಂತೆಯೇ ಎಂದು ಭಾವಿಸುತ್ತೇವೆ. ಹಾಗೆ ಭಾವಿಸುವುದು ಯುಕ್ತವೇ ಎಂಬುದನ್ನು ವಿಚಾರಮಾಡಲು ಈಚಿನ ಕಾಲದ ಒಂದು ಉದ್ಯೋಗ, ಎಂದರೆ ಕಂಪ್ಯೂಟರುಗಳಿಗೆ ತಂತ್ರಾಂಶವನ್ನು ಬರೆಯುವ ಉದ್ಯೋಗ, ಬಹಳ ಒಳ್ಳೆಯ ಸಾಮಗ್ರಿಯನ್ನು ಒದಗಿಸಿದೆ. ಏಕೆಂದರೆ ಬೇರೆಡೆಗಳಲ್ಲಿ ಹಿಂದೆ ನಡೆದುದನ್ನು ನಾವು ನೆನಪಿನಿಂದಲೋ ಪರರ ಮಾತಿನಿಂದಲೋ ಊಹಿಸಬೇಕು. ಇಲ್ಲಿ ನಡೆದುದು ಅಕ್ಷರಶಃ ದಾಖಲೆಯಾಗಿರುತ್ತದೆ, ಮತ್ತು ಹಿಂದಿನ ಯಾವ ಹಂತಕ್ಕೆ ಬೇಕಾದರೂ ಮರಳಿ ಆಗ ಕೆಲಸ ಹೇಗಿದ್ದಿತೆಂದು ಪರೀಕ್ಷಿಸಿ ನೋಡಬಹುದು.

ದೊಡ್ಡ ತಂತ್ರಾಂಶವೊಂದನ್ನು ಒಬ್ಬನೇ ಕುಳಿತು ಬರೆಯುವುದು ಅಪೂರ್ವ. ಬೇರೆ ಬೇರೆ ದೇಶಗಳಲ್ಲಿರುವ, ಒಬ್ಬರ ಮುಖವನ್ನೊಬ್ಬರು ಕಂಡಿರದ ನೂರಾರು ಜನ ಅದರಲ್ಲಿ ಕೈಯಿಟ್ಟಿರುತ್ತಾರೆ. ಒಬ್ಬೊಬ್ಬನೂ ತಾನು ಮಾಡಿದ ಮಾರ್ಪಾಡನ್ನು ಹೆಸರು, ದಿನ, ಉದ್ದೇಶ ಇವುಗಳೊಡನೆ ದಾಖಲೆಗೆ ಸೇರಿಸುತ್ತಾನೆ. ಈ ದಾಖಲೆಗೆ ಇಂದು ಬಹುಮಟ್ಟಿಗೆ ಬಳಕೆಯಲ್ಲಿರುವ ಸಾಧನ ‘ಗಿಟ್’ ಎಂಬುದು. ಲಿನಕ್ಸಿನ ಕರ್ತೃವಾದ ಲೀನಸ್ ಟೋರ್ವಾಲ್ಡ್ಸರು, ಅದುವರೆಗೆ ತಮಗೆ ಬೆಲೆಯಿಲ್ಲದೆ ದೊರೆಯುತ್ತಿದ್ದ ಇನ್ನೊಂದು ಸಾಧನ ಕೈತಪ್ಪಿದಾಗ, 2005ರ ಏಪ್ರಿಲಿನಲ್ಲಿ ಇದನ್ನು ಕಟ್ಟಲು ಮೊದಲುಮಾಡಿದರು. ಇದರಲ್ಲಿ ಸೇರುವ ಒಂದೊಂದು ದಾಖಲೆಗೂ ‘ಕಮಿಟ್’ ಎಂದು ಹೆಸರು. ಪ್ರತಿಯೊಂದು ಕಮಿಟ್ಟೂ ತಾನು ಯಾವುದರಿಂದ ಹುಟ್ಟಿತೆಂಬುದನ್ನು ನೆನಪಿಟ್ಟಿರುತ್ತದೆ. ಒಂದೇ ಹಂತದಿಂದ ಇಬ್ಬರು ಬೇರೆ ಬೇರೆಯಾಗಿ ಕೆಲಸವನ್ನು ಮುಂದುವರಿಸಿದರೆ ಚರಿತ್ರೆ ಕವಲೊಡೆಯುತ್ತದೆ. ಆ ಕವಲುಗಳನ್ನು ಮರಳಿ ಕೂಡಿಸಿದಲ್ಲಿ ಸಂಗಮವಾಗುತ್ತದೆ.

ಈಗ ಒಂದು ದೋಷ ಕಾಣಿಸಿಕೊಂಡಿತೆನ್ನೋಣ. ಆರು ತಿಂಗಳ ಹಿಂದೆ ಸರಿಯಾಗಿ ಬರುತ್ತಿದ್ದ ಲೆಕ್ಕ ಇಂದು ತಪ್ಪಾಗಿ ಬರುತ್ತಿದೆ. ನಡುವೆ ಸಾವಿರ ಕಮಿಟ್ಟುಗಳಾಗಿವೆ. ಚರಿತ್ರೆ ಒಂದೇ ಗೆರೆಯಾಗಿದ್ದರೆ ಉಪಾಯ ಸುಲಭ. ನಟ್ಟನಡುವಿನದನ್ನು ಪರೀಕ್ಷಿಸುವುದು, ಅದು ಸರಿಯಾಗಿದ್ದರೆ ದೋಷ ಹುಟ್ಟಿದ್ದು ಆಮೇಲಿನ ಅರ್ಧದಲ್ಲಿ, ಕೆಟ್ಟಿದ್ದರೆ ಮೊದಲಿನ ಅರ್ಧದಲ್ಲಿ. ಹೀಗೆ ಅರ್ಧಿಸುತ್ತ ಹೋದರೆ ಸಾವಿರಕ್ಕೆ ಸುಮಾರು 10 ಪರೀಕ್ಷೆ, ಹತ್ತು ಲಕ್ಷಕ್ಕೂ ಸುಮಾರು 20 ಪರೀಕ್ಷೆ ಸಾಕು. ಆದರೆ ಆಲದ ಮರದಂತೆ ಕವಲೊಡೆದು, ಬಿಳಲು ಬಿಟ್ಟು, ಹೆಣೆದುಕೊಂಡಿರುವ ಚರಿತ್ರೆಗೆ ನಡು ಯಾವುದು? ಗಿಟ್ಟಿನ ‘ಬೈಸೆಕ್ಟ್’ ಎಂಬ ವಿಧಾನ ಇದಕ್ಕೆ ಕೊಡುವ ಉತ್ತರ ಸೊಗಸಾಗಿದೆ. ಅದು ದಿನಾಂಕವನ್ನು ನಂಬದೆ ವಂಶವನ್ನು ನಂಬುತ್ತದೆ. ಸಂದೇಹಕ್ಕೊಳಗಾದ ಒಂದೊಂದು ಕಮಿಟ್ಟಿಗೂ ಅದನ್ನು ಸೇರಿಸಿ ಎಷ್ಟು ಸಂದಿಗ್ಧ ಪೂರ್ವಜರಿದ್ದಾರೆಂದು ಎಣಿಸಿ, ಎಣಿಕೆ ಒಟ್ಟಿನ ಅರ್ಧಕ್ಕೆ ಸಮೀಪವಾಗಿರುವುದನ್ನು ಪರೀಕ್ಷೆಗೆ ಆರಿಸುತ್ತದೆ. ಅದು ಕೆಟ್ಟಿದ್ದರೆ ದೋಷ ಅದರಲ್ಲಾಗಲಿ ಅದರ ಪೂರ್ವಜರಲ್ಲಾಗಲಿ ಇರಬೇಕು, ಉಳಿದ ಕವಲುಗಳಿಗೆ ಬಿಡುಗಡೆ. ಸರಿಯಾಗಿದ್ದರೆ ಅದೂ ಅದರ ಪೂರ್ವಜರೂ ಒಟ್ಟಿಗೆ ನಿರ್ದೋಷಿಗಳು. ಒಮ್ಮೆ ಹುಟ್ಟಿದ ದೋಷ ಸಂತಾನಕ್ಕೆಲ್ಲ ಇಳಿಯುತ್ತದೆ ಎಂಬುದೊಂದೇ ಇದರ ಪ್ರಮೇಯ.

ಈ ವಿಧಾನದಲ್ಲಿ ನನಗೆ ಬಹಳ ಹಿಡಿಸಿದ ಗುಣವೊಂದುಂಟು. ಕೆಲವು ಕಮಿಟ್ಟುಗಳು ಬೇರೆ ಕಾರಣಗಳಿಂದ ಪರೀಕ್ಷೆಗೇ ಒದಗುವುದಿಲ್ಲ, ಅವುಗಳನ್ನು ಬದಿಗಿಡಬಹುದು. ಕೊನೆಗೆ ಸಂದೇಹ ಅಂಥವುಗಳ ನಡುವೆಯೇ ಬಂದು ನಿಂತರೆ, ‘ಇವುಗಳಲ್ಲಿ ಯಾವುದಾದರೂ ಮೊದಲನೆಯದಾಗಿರಬಹುದು’ ಎಂದು ಪಟ್ಟಿ ಕೊಟ್ಟು ಅದು ಸುಮ್ಮನಾಗುತ್ತದೆ. ಪ್ರಮಾಣವಿರುವಷ್ಟೇ ಹೇಳಿ ನಿಲ್ಲುವ ಈ ಸಂಯಮ ನ್ಯಾಯಾಸ್ಥಾನಗಳಲ್ಲಿಯೂ ಸುಲಭವಾಗಿ ಸಿಕ್ಕುವುದಲ್ಲ. ಮನೆಯ ಪಂಚಾಯಿತಿಗಳಲ್ಲಂತೂ ಕೇಳುವುದೇ ಬೇಡ.

ಇಷ್ಟು ನಿಷ್ಕೃಷ್ಟವಾಗಿ ಸ್ಥಳ ಗೊತ್ತಾದ ಮೇಲೆ ಅಪರಾಧಿಯೂ ಗೊತ್ತಾದಂತೆಯೇ ಅಲ್ಲವೇ? ಆಂಡ್ರಿಯಾಸ್ ಜೆಲ್ಲರ್ ಎಂಬ ಜರ್ಮನ್ ವಿದ್ವಾಂಸರು 1999ರಲ್ಲಿ ಪ್ರಕಟಿಸಿದ ಒಂದು ಪ್ರಸಂಗವನ್ನು ನೋಡಬೇಕು. ಜಿ.ಡಿ.ಬಿ. ಎಂಬುದು ಇತರ ತಂತ್ರಾಂಶಗಳ ದೋಷವನ್ನು ಹುಡುಕುವ ತಂತ್ರಾಂಶ. ಅದಕ್ಕೆ ಚಿತ್ರರೂಪದ ಮುಖವನ್ನು ಕೊಡುವ ಡಿ.ಡಿ.ಡಿ. ಎಂಬುದರ ಕರ್ತೃಗಳಲ್ಲಿ ಜೆಲ್ಲರರೂ ಒಬ್ಬರು. ಜಿ.ಡಿ.ಬಿ.ಯ 4.16ನೆಯ ಆವೃತ್ತಿ ಹೋಗಿ 4.17 ಬಂದಾಗ ಡಿ.ಡಿ.ಡಿ.ಯ ಒಂದು ಕೆಲಸ ನಿಂತುಹೋಯಿತು. ಎರಡು ಆವೃತ್ತಿಗಳ ನಡುವೆ ಬದಲಾಗಿದ್ದ ಸಾಲುಗಳು 1,78,000. ಜೆಲ್ಲರರು ಮಾರ್ಪಾಡುಗಳನ್ನು ಗುಂಪುಗುಂಪಾಗಿ ಒಡೆದು ಪರೀಕ್ಷಿಸುವ ಯಾಂತ್ರಿಕ ವಿಧಾನವೊಂದನ್ನು ಕಲ್ಪಿಸಿ ಹುಡುಕಿದರು. ಸಿಕ್ಕಿದ್ದು ಏನು? ಬಳಸುವವರಿಗೆ ತೋರಿಸುವ ಒಂದು ವಾಕ್ಯದಲ್ಲಿ ‘ಆರ್ಗ್ಯುಮೆಂಟ್ಸ್’ ಎಂದಿದ್ದ ಮಾತನ್ನು ಯಾರೋ ‘ಆರ್ಗ್ಯುಮೆಂಟ್ ಲಿಸ್ಟ್’ ಎಂದು ತಿದ್ದಿದ್ದರು! ಡಿ.ಡಿ.ಡಿ.ಯಾದರೋ ಆ ಹಳೆಯ ಮಾತನ್ನು ಗುರುತಾಗಿ ಇಟ್ಟುಕೊಂಡು ಉತ್ತರವನ್ನು ಓದುತ್ತಿದ್ದಿತು. ಮನುಷ್ಯರು ಓದಲೆಂದು ಬರೆದ ವಾಕ್ಯವನ್ನು ತಿದ್ದಿದವನಿಗೆ, ಅದನ್ನು ಇನ್ನೊಂದು ಯಂತ್ರ ಓದುತ್ತಿದೆಯೆಂದು ತಿಳಿಯುವ ಬಗೆ ಹೇಗೆ? ಕೆಡುಕಿಗೆ ಕಾರಣ ಆ ತಿದ್ದುಪಡಿಯೇ, ಸಂದೇಹವಿಲ್ಲ. ಆದರೆ ತಿದ್ದಿದವನು ತಪ್ಪಿತಸ್ಥನೆಂದು ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ. ಕಾರಣವೆಂಬುದು ಒಂದು, ಅಪರಾಧವೆಂಬುದು ಇನ್ನೊಂದು.

ಸಂಗಮದ ವಿಷಯ ಇದಕ್ಕಿಂತಲೂ ಸೂಕ್ಷ್ಮ. ಒಂದು ಕವಲಿನಲ್ಲಿರುವವನು, ದೂರವನ್ನು ಅಡಿಗಳಲ್ಲಿ ಹೇಳುತ್ತಿದ್ದ ಸೂತ್ರವೊಂದನ್ನು ಮೀಟರುಗಳಲ್ಲಿ ಹೇಳುವಂತೆ ಬದಲಾಯಿಸಿ, ಅದನ್ನು ಬಳಸಿರುವ ಎಡೆಗಳನ್ನೆಲ್ಲ ಅದಕ್ಕೆ ತಕ್ಕಂತೆ ಸರಿಪಡಿಸಿದನು ಎನ್ನೋಣ. ಅದೇ ವಾರ ಇನ್ನೊಂದು ಕವಲಿನವನು ಅದೇ ಸೂತ್ರವನ್ನು ಅಡಿಯ ಲೆಕ್ಕವೆಂದು ತಿಳಿದು ಹೊಸದೊಂದು ಎಡೆಯಲ್ಲಿ ಬಳಸಿದನು; ಅವನ ಕವಲಿನಲ್ಲಿ ಅದು ಅಡಿಯ ಲೆಕ್ಕವೇ ಆಗಿದ್ದಿತು. ಎರಡು ಕವಲುಗಳನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿದರೆ ಎರಡೂ ಶುದ್ಧ. ಇಬ್ಬರೂ ಒಂದೇ ಸಾಲನ್ನು ಮುಟ್ಟಿಲ್ಲವಾದುದರಿಂದ ಗಿಟ್ ಯಾವ ತಕರಾರನ್ನೂ ಎತ್ತದೆ ಅವನ್ನು ಕೂಡಿಸುತ್ತದೆ. ಕೂಡಿದ ಕ್ಷಣದಲ್ಲಿ ಲೆಕ್ಕ ಕೆಡುತ್ತದೆ. ಬೈಸೆಕ್ಟ್ ಬೆರಳಿಟ್ಟು ತೋರಿಸುವುದು ಸಂಗಮವನ್ನು. ಆ ಸಂಗಮದಲ್ಲಿಯಾದರೋ ಸ್ವಂತದ್ದೆಂಬ ಒಂದಕ್ಷರವೂ ಇಲ್ಲ.

ಇಂಥ ಸಂದರ್ಭಕ್ಕೆ ಗಿಟ್ಟಿನ ಕೈಪಿಡಿಯೇ ಒಂದು ಉಪಾಯವನ್ನು ಹೇಳುತ್ತದೆ: ಒಂದು ಕವಲಿನ ಕೆಲಸವನ್ನು ಕಿತ್ತು, ಇನ್ನೊಂದರ ತುದಿಗೆ ಒಂದೊಂದಾಗಿ ಕಸಿಮಾಡಿ, ಆ ನೇರವಾದ ಗೆರೆಯಲ್ಲಿ ಹುಡುಕುವುದು. ಆಗ ಒಂದೇ ಒಂದು ಕಮಿಟ್ ನಿಶ್ಚಯವಾಗಿ ಸಿಕ್ಕುತ್ತದೆ. ಆದರೆ ಯಾವುದು? ಮೀಟರಿನವನು ಮುಂಚೆ, ಅಡಿಯವನು ಆಮೇಲೆ ಎಂದು ಜೋಡಿಸಿದರೆ, ಬದಲಾದ ಸೂತ್ರವನ್ನು ಹಳೆಯದೆಂದು ಬಳಸಿದ ಅಡಿಯವನು ಸಿಕ್ಕಿಬೀಳುತ್ತಾನೆ. ತಿರುಗಿಸಿ ಜೋಡಿಸಿದರೆ, ಬಳಕೆಯಲ್ಲಿದ್ದ ಒಂದು ಎಡೆಯನ್ನು ತಿದ್ದದೆ ಬಿಟ್ಟ ಮೀಟರಿನವನು ಸಿಕ್ಕಿಬೀಳುತ್ತಾನೆ. ನಡೆದ ಸಂಗತಿಯಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಕಥೆಯನ್ನು ಹೇಳುವ ಕ್ರಮ ಬದಲಾಯಿತು, ಅದರೊಡನೆ ಅಪರಾಧಿಯೂ ಬದಲಾದನು. ಆಸ್ತಿಯ ಪಾಲಿನ ವ್ಯಾಜ್ಯಗಳನ್ನು ಕಂಡವರಿಗೆ ಇದು ಹೊಸತಲ್ಲ. ಅಣ್ಣನ ಕಡೆಯವರು ಅಪ್ಪನ ಸಾಲದಿಂದ ಕಥೆಯನ್ನು ತೊಡಗುತ್ತಾರೆ, ತಮ್ಮನ ಕಡೆಯವರು ಅತ್ತಿಗೆ ಮನೆಗೆ ಬಂದ ದಿನದಿಂದ. ಕುರುಕ್ಷೇತ್ರಕ್ಕೆ ಕಾರಣ ಜೂಜೆಂದು ಒಬ್ಬನು ಹೇಳಿದರೆ, ಶಂತನು ಸತ್ಯವತಿಯನ್ನು ಬಯಸಿದ್ದೆಂದು ಇನ್ನೊಬ್ಬನು ಹೇಳುತ್ತಾನೆ; ಇಬ್ಬರನ್ನೂ ಸುಳ್ಳುಗಾರರೆನ್ನುವಂತಿಲ್ಲ.

ಹಾಗಾದರೆ ಯಾರಿಗೂ ಹೊಣೆಯಿಲ್ಲವೇ ಎಂದು ವಾಚಕರು ಕೇಳಬಹುದು. ಹಾಗೆಂದು ನನ್ನ ಅಭಿಪ್ರಾಯವಲ್ಲ. ಸಂಗಮ ಮಾಡಿಸಿದವನು ಒಂದಕ್ಷರವನ್ನೂ ಬರೆದಿಲ್ಲದಿದ್ದರೂ, ಎರಡು ಕವಲುಗಳನ್ನೂ ಒಟ್ಟಿಗೆ ನೋಡುವ ಅವಕಾಶವಿದ್ದವನು ಅವನೇ. ಕೂಡಿಸಿದ ಮೇಲೆ ಪರೀಕ್ಷಿಸುವ ಕರ್ತವ್ಯವೂ ಅವನದೇ. ಹೊಣೆ ಹುಟ್ಟುವುದು ಕೈಯಿಟ್ಟದ್ದರಿಂದ ಮಾತ್ರವಲ್ಲ, ನೋಡಬಲ್ಲ ಸ್ಥಾನದಲ್ಲಿದ್ದುದರಿಂದ. ಆದರೆ ದಾಖಲೆಯಲ್ಲಿ ಮಾಡಿದ್ದು ಇರುತ್ತದೆ, ಮಾಡದೆ ಬಿಟ್ಟದ್ದು ಇರುವುದಿಲ್ಲ. ಸಾಲುಸಾಲಿಗೂ ಅದನ್ನು ಕಡೆಯದಾಗಿ ಮುಟ್ಟಿದವನ ಹೆಸರನ್ನು ತೋರಿಸುವ ಆಜ್ಞೆಯೊಂದು ಗಿಟ್ಟಿನಲ್ಲಿದೆ. ಅದಕ್ಕೆ ‘ಬ್ಲೇಮ್’, ಎಂದರೆ ದೂಷಣೆ, ಎಂದು ಹೆಸರಿಟ್ಟಿದ್ದಾರೆ. ಸಬ್‌ವರ್ಷನ್ ಎಂಬ ಇನ್ನೊಂದು ಸಾಧನದಲ್ಲಿ ಅದೇ ಆಜ್ಞೆಗೆ ‘ಪ್ರೇಸ್’, ಎಂದರೆ ಹೊಗಳಿಕೆ, ಎಂಬ ಪರ್ಯಾಯನಾಮವೂ ಉಂಟು. ಎರಡರಿಂದಲೂ ಬರುವ ಪಟ್ಟಿ ಒಂದೇ. ನಮ್ಮ ಓಲೆಗರಿಯ ಲಿಪಿಕಾರರು ಇದನ್ನು ಬಲ್ಲವರಾಗಿದ್ದರೆಂದು ತೋರುತ್ತದೆ. ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ಅದು ನನ್ನದಲ್ಲ ಎಂದು ಗ್ರಂಥದ ಕೊನೆಯಲ್ಲಿ ಅವರು ಬರೆದಿಡುತ್ತಿದ್ದರು.

ಎರಡು ಸಂಗತಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ದಾಖಲೆಯ ಮಿತಿ ಇನ್ನೂ ಸ್ಪಷ್ಟವಾಗುತ್ತದೆ. ಅಂತರ್ಜಾಲದ ವ್ಯವಹಾರಗಳನ್ನು ಗುಟ್ಟಾಗಿಡುವ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶಕ್ಕೆ 2011ರ ಡಿಸೆಂಬರ್ 31ರಂದು ಸೇರಿದ ಒಂದು ಕಮಿಟ್ಟಿನಲ್ಲಿ, ಹೊರಗಿನಿಂದ ಬಂದ ಅಳತೆಯೊಂದನ್ನು ಸರಿನೋಡದೆ ಬಿಟ್ಟಿದ್ದಿತು. 2014ರ ಏಪ್ರಿಲಿನಲ್ಲಿ ಅದು ಬಯಲಾಯಿತು. ‘ಹಾರ್ಟ್‌ಬ್ಲೀಡ್’ ಎಂದು ಹೆಸರಾದದ್ದು ಅದೇ. ಬರೆದವರು ಯಾರು, ಪರಿಶೀಲಿಸಿ ಒಪ್ಪಿದವರು ಯಾರು ಎಂಬುದು ದಾಖಲೆಯಲ್ಲಿ ಇದ್ದೇ ಇದ್ದಿತು, ಲೋಕ ಅವರ ಮೇಲೆ ಬಿದ್ದಿತು. ಆ ತಂತ್ರಾಂಶವನ್ನು ನೆಚ್ಚಿ ವ್ಯಾಪಾರ ನಡೆಸಿದ ದೊಡ್ಡ ದೊಡ್ಡ ಸಂಸ್ಥೆಗಳು, ಅದನ್ನು ಹೊತ್ತಿದ್ದ ನಾಲ್ಕಾರು ಜನರಿಗೆ ನೆರವಾಗದೆ ಇದ್ದುದು ಯಾವ ಕಮಿಟ್ಟಿನಲ್ಲಿಯೂ ಬರೆದಿರಲಿಲ್ಲ. ಇನ್ನೊಂದು, 2024ರದು. ಎಕ್ಸ್‌ಝಡ್ ಎಂಬ ತಂತ್ರಾಂಶದಲ್ಲಿ ಒಬ್ಬನು ಎರಡು ವರ್ಷಕ್ಕೂ ಮೇಲ್ಪಟ್ಟು ಸಜ್ಜನನಂತೆ ದುಡಿದು, ವಿಶ್ವಾಸವನ್ನು ಗಳಿಸಿ, ಕಡೆಗೆ ಕಳ್ಳಬಾಗಿಲನ್ನು ಇಟ್ಟನು. ಇಲ್ಲಿ ಅಪರಾಧ ನಿಜವಾದ ಅಪರಾಧವೇ. ಆದರೆ ಅವನ ಹೆಸರು ನಿಜವಾದದ್ದೆಂದು ನಂಬುವವರು ವಿರಳ. ಆ ಬಾಗಿಲನ್ನು ತೆರೆಯುವ ಮುಖ್ಯವಾದ ತುಂಡನ್ನು ಅವನು ದಾಖಲೆಗೆ ಸೇರಿಸದೆ, ಹಂಚುವ ಕಟ್ಟಿನಲ್ಲಿ ಮಾತ್ರ ಸೇರಿಸಿದ್ದನು. ಎಷ್ಟು ಅರ್ಧಿಸಿದರೂ ಅದು ಚರಿತ್ರೆಯಲ್ಲಿ ಸಿಕ್ಕುತ್ತಿರಲಿಲ್ಲ. ಪ್ರಾಮಾಣಿಕನನ್ನು ದಾಖಲೆ ಹಿಡಿದುಕೊಟ್ಟಿತು, ವಂಚಕನನ್ನು ಮರೆಮಾಡಿತು.

ಆದಕಾರಣ ಹುಡುಕುವುದನ್ನೇ ಬಿಡಬೇಕೆಂದಲ್ಲ, ಹುಡುಕದೆ ತಿದ್ದುವುದಕ್ಕಾಗುವುದಿಲ್ಲ. ಲಿನಕ್ಸಿನಲ್ಲಿ ಕೆಲಸಮಾಡುವವರ ನಡುವೆ ಒಂದು ಪದ್ಧತಿ ಬೆಳೆದುಬಂದಿದೆ. ಬೈಸೆಕ್ಟಿನಿಂದಲೋ ಬೇರೆ ರೀತಿಯಿಂದಲೋ ದೋಷದ ಮೂಲವನ್ನು ಕಂಡುಹಿಡಿದು ಅದನ್ನು ತಿದ್ದಿದವನು, ತನ್ನ ಕಮಿಟ್ಟಿನ ಕೆಳಗೆ ‘ಫಿಕ್ಸಸ್’ ಎಂಬ ಒಂದು ಸಾಲನ್ನು ಬರೆಯುತ್ತಾನೆ. ಅದರಲ್ಲಿ ಮೂಲದ ಕಮಿಟ್ಟಿನ ಗುರುತಿನ ಹನ್ನೆರಡು ಅಕ್ಷರಗಳೂ ಅದರ ಶೀರ್ಷಿಕೆಯೂ ಇರುತ್ತವೆ. ಬರೆದವನ ಹೆಸರು ಇರುವುದಿಲ್ಲ. ಆ ಹೆಸರು ಸೇರುವುದು ಕಾಗದದ ಪ್ರತಿಯನ್ನು ಯಾರು ಯಾರಿಗೆ ಕಳುಹಿಸಬೇಕೆಂಬ ಪಟ್ಟಿಯಲ್ಲಿ. ತಿದ್ದುಪಡಿ ಸರಿಯಾಗಿದೆಯೇ ಎಂದು ಅವನೂ ಒಮ್ಮೆ ನೋಡಿ ಹೇಳಲೆಂದು.