ಬಿತ್ತುವ ಕಾಲ, ಫಲಿಸುವ ಕಾಲ

ಒಂದು ಕಾರ್ಯ ಫಲಿಸಿದಾಗಲೂ ಫಲಿಸದೆ ಹೋದಾಗಲೂ ಅದಕ್ಕೆ ಕಾರಣ ಯಾವುದೆಂಬ ಪ್ರಶ್ನೆ ಭಾರತೀಯ ದರ್ಶನಗಳಲ್ಲಿ ಬಹಳ ಹಳೆಯದು. ಅದನ್ನು ವಿವರಿಸಲು ದಾರ್ಶನಿಕರು ಮತ್ತೆ ಮತ್ತೆ ಆರಿಸಿಕೊಂಡ ದೃಷ್ಟಾಂತ ಬೀಜದ್ದು. ಸಂಸಾರ ಅನಾದಿಯೆಂಬುದನ್ನು ಸಮರ್ಥಿಸುವಾಗ ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದಲ್ಲಿ ಬೀಜಾಂಕುರ ನ್ಯಾಯವನ್ನು, ಎಂದರೆ ಬೀಜದಿಂದ ಮೊಳಕೆ, ಮೊಳಕೆಯಿಂದ ಮತ್ತೆ ಬೀಜ ಎಂಬ ಮೊದಲಿಲ್ಲದ ಸರಣಿಯ ಹೋಲಿಕೆಯನ್ನು ತರುತ್ತಾರೆ. ಸುಶ್ರುತಸಂಹಿತೆಯ ಶಾರೀರಸ್ಥಾನವೂ ಗರ್ಭ ನಿಲ್ಲುವ ಬಗೆಯನ್ನು ಹೇಳುವಾಗ ಋತು, ಕ್ಷೇತ್ರ, ಅಂಬು (ನೀರು), ಬೀಜ ಈ ನಾಲ್ಕೂ ಕೂಡಿದಾಗ ಮಾತ್ರ ಮೊಳಕೆಯೊಡೆಯುತ್ತದೆಂದು ಹೊಲದ ಕಡೆಗೇ ಕೈ ತೋರಿಸುತ್ತದೆ. ಹೀಗೆ ಶಾಸ್ತ್ರಕ್ಕೆ ದೃಷ್ಟಾಂತವಾಗಿ ಒದಗಿದ ಬೀಜವನ್ನು ಮರಳಿ ಹೊಲಕ್ಕೆ ಒಯ್ದು ನೋಡಿದರೆ, ಆಯ್ಕೆ ಮತ್ತು ಹೊಣೆಗಾರಿಕೆಗಳ ಬಗೆಗೆ ಶಾಸ್ತ್ರ ಹೇಳುವುದೆಷ್ಟು ನಿಲ್ಲುತ್ತದೆಂಬುದು ತಿಳಿಯುತ್ತದೆ. ರಾಮನಗರ ತಾಲ್ಲೂಕಿನ ಕೈಲಾಂಚ ಹೋಬಳಿಯಲ್ಲಿ ಮಾಗಿಯ ಚಳಿ ಕಳೆಯುವ ಮೊದಲೇ ಟೊಮೆಟೊ ಒಟ್ಲು ಹಾಕಬಯಸುವ ಬೇಸಾಯಗಾರ ಯಾವ ತಳಿಯನ್ನು ಹಿಡಿಯಬೇಕೆಂಬುದು ಅಂಥ ಪರೀಕ್ಷೆಗೆ ತಕ್ಕ ಪ್ರಶ್ನೆ.

ಇದು ಸರಳವಾದ ಪ್ರಶ್ನೆಯಲ್ಲ. ಹೋಬಳಿಯ ಕೆಮ್ಮಣ್ಣಿನಲ್ಲಿ ತಲೆಮಾರುಗಳಿಂದ ಬೆಳೆದು ಬಂದ ರಾಗಿಗೆ, ಅವರೆಗೆ ಇಂಥ ಮಳೆಗೆ ಬಿತ್ತಬೇಕೆಂಬ ನಕ್ಷತ್ರದ ವಾಡಿಕೆಯಿದೆ; ಅಮೆರಿಕ ಖಂಡದಲ್ಲಿ ಹುಟ್ಟಿ ಪೋರ್ಚುಗೀಸರ ಹಡಗುಗಳೊಡನೆ ಭಾರತಕ್ಕೆ ಬಂದ ಟೊಮೆಟೊಗೆ ಅಂಥ ಮಳೆಯೂ ಇಲ್ಲ, ಗಾದೆಯೂ ಇಲ್ಲ. ದಿನದ ಸಾರಿಗೆ ಅದು ಬೇಕೇ ಬೇಕಾಗಿದ್ದರೂ ಸಂಪ್ರದಾಯಸ್ಥರ ಅನೇಕ ಮನೆಗಳಲ್ಲಿ ಶ್ರಾದ್ಧದ ಅಡಿಗೆಗೆ ಇಂದಿಗೂ ಸಲ್ಲುವುದಿಲ್ಲ. ಪ್ರಮಾಣಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಇಲ್ಲಿ ಶಬ್ದಪ್ರಮಾಣ, ಎಂದರೆ ಹಿರಿಯರ ಆಪ್ತವಾಕ್ಯ, ಮೌನವಾಗಿದೆ. ಕಣ್ಣಾರೆ ಕಂಡ ಪ್ರತ್ಯಕ್ಷವನ್ನೂ ಅದರಿಂದ ಊಹಿಸಿದ ಅನುಮಾನವನ್ನೂ ನಂಬಿ ನಡೆಯುವುದೊಂದೇ ದಾರಿ.

ಫಲದ ಕಾರಣವನ್ನು ಕುರಿತ ವಾದಗಳನ್ನು ಜೈನ ತಾರ್ಕಿಕ ಸಿದ್ಧಸೇನ ದಿವಾಕರನ ಸನ್ಮತಿತರ್ಕವು ಐದಾಗಿ ಎಣಿಸುತ್ತದೆ: ಕಾಲ, ಸ್ವಭಾವ, ನಿಯತಿ, ಪೂರ್ವಕೃತ ಮತ್ತು ಪುರುಷ, ಎಂದರೆ ಮನುಷ್ಯಪ್ರಯತ್ನ. ಇವುಗಳಲ್ಲಿ ಒಂದನ್ನೇ ಹಿಡಿದು ಉಳಿದುದನ್ನು ಅಲ್ಲಗಳೆಯುವುದು ಮಿಥ್ಯಾತ್ವ, ಎಲ್ಲವನ್ನೂ ಕೂಡಿಸಿ ನೋಡುವುದು ಸಮ್ಯಕ್ತ್ವ ಎಂಬುದು ಆ ಗ್ರಂಥದ ನಿಲುವು. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯವೂ ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ ಎಂದು ಐದನ್ನೇ ಹೇಳುತ್ತದೆಯಾದರೂ ಅಲ್ಲಿ ಸ್ವಭಾವಕ್ಕೆ ಬೇರೆ ಸ್ಥಾನವಿಲ್ಲ. ತಳಿಯ ವಿಚಾರದಲ್ಲಿ ಸ್ವಭಾವವೇ ಮುಖ್ಯವಾದುದರಿಂದ ಇಲ್ಲಿ ಜೈನರ ಎಣಿಕೆ ಹೆಚ್ಚು ಒದಗುತ್ತದೆ.

ಮೊದಲನೆಯದು ಕಾಲ. ವೈಶೇಷಿಕರು ಕಾಲವನ್ನು ಒಂದು ದ್ರವ್ಯವೆಂದೇ ಎಣಿಸಿ, ಹುಟ್ಟುವ ಪ್ರತಿಯೊಂದಕ್ಕೂ ಅದು ನಿಮಿತ್ತ ಕಾರಣವೆಂದು ಹೇಳುತ್ತಾರೆ. ಟೊಮೆಟೊ ಬೀಜ ಈ ಮಾತಿಗೆ ಅಂಕಿಗಳ ಸಾಕ್ಷ್ಯ ಕೊಡುತ್ತದೆ. ಮಣ್ಣಿನ ಉಷ್ಣಾಂಶ 25 ಡಿಗ್ರಿ ಸೆಲ್ಸಿಯಸ್ ಇದ್ದಾಗ ಸುಮಾರು 6 ದಿನಗಳಲ್ಲಿ ಮೇಲೇಳುವ ಮೊಳಕೆ 20 ಡಿಗ್ರಿಯಲ್ಲಿ 8 ದಿನ, 15 ಡಿಗ್ರಿಯಲ್ಲಿ ಎರಡು ವಾರ ತೆಗೆದುಕೊಳ್ಳುತ್ತದೆ. 10 ಡಿಗ್ರಿಗೆ ಇಳಿದರೆ ಆರು ವಾರ ಕಾಯಬೇಕಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವ ರಾಮನಗರದ ಸುತ್ತಿನಲ್ಲಿ ಧನುರ್ಮಾಸದ ರಾತ್ರಿಗಳು ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿಗೆ ಇಳಿದರೂ ಹಗಲು ಬಿಸಿಲು ಕಾಯುವುದರಿಂದ ಬೀಜ ಸಾಯುವುದಿಲ್ಲ, ತಡೆದು ಮೊಳೆಯುತ್ತದೆ. ಮದುವೆ ಮುಂಜಿಗಳಿಗೆ ಶೂನ್ಯಮಾಸವೆನಿಸಿದ ಧನುರ್ಮಾಸ ಒಟ್ಲಿಗೆ ಶೂನ್ಯವಲ್ಲ, ನಿಧಾನದ ಮಾಸ ಅಷ್ಟೇ.

ಆದರೆ ಕಾಲವೊಂದೇ ಕಾರಣವಾಗಿದ್ದರೆ ಒಂದೇ ಚಳಿಯಲ್ಲಿ ಎಲ್ಲ ಬೀಜಗಳೂ ಒಂದೇ ರೀತಿ ನಡೆದುಕೊಳ್ಳಬೇಕಿತ್ತು. ನೈಯಾಯಿಕರು ಕಾಲ, ದಿಕ್ಕು, ಅದೃಷ್ಟ ಮುಂತಾದವನ್ನು ಸಾಧಾರಣ ಕಾರಣ, ಎಂದರೆ ಎಲ್ಲ ಕಾರ್ಯಗಳಿಗೂ ಸಮಾನವಾದ ಕಾರಣವೆಂದು ಕರೆದು, ಕಾರ್ಯಗಳೊಳಗಿನ ಭೇದಕ್ಕೆ ಅಸಾಧಾರಣ ಕಾರಣವನ್ನು ಬೇರೆಯಾಗಿ ಹುಡುಕುವುದು ಇದಕ್ಕಾಗಿಯೇ. ಇಲ್ಲಿ ಆ ಕಾರಣ ತಳಿಯ ಸ್ವಭಾವ. ರಾತ್ರಿಯ ಉಷ್ಣಾಂಶ 13 ಡಿಗ್ರಿಗಿಂತ ಕೆಳಗಿಳಿದರೆ ಬಹುತೇಕ ತಳಿಗಳ ಪರಾಗ ಸೊರಗಿ ಹೂ ಉದುರುತ್ತದೆ; ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ಪೂಸಾ ಶೀತಲ್ ತಳಿ 8 ಡಿಗ್ರಿಯ ರಾತ್ರಿಯಲ್ಲಿಯೂ ಕಾಯಿ ಕಚ್ಚುತ್ತದೆ. ಅಮೆರಿಕದ ಆರೆಗಾನ್ ರಾಜ್ಯ ವಿಶ್ವವಿದ್ಯಾಲಯದ ಆರೆಗಾನ್ ಸ್ಪ್ರಿಂಗ್ ತಳಿಯಾದರೋ ಪರಾಗಸ್ಪರ್ಶ ಕೈಕೊಟ್ಟರೂ ಕಾಯಿ ಕಟ್ಟಬಲ್ಲದು; ನಿಷೇಚನವಿಲ್ಲದೆ ಹಣ್ಣಾಗುವ ಈ ಗುಣದಿಂದ ಅದರ ಮೊದಲ ಹಣ್ಣುಗಳಲ್ಲಿ ಬೀಜ ಇಲ್ಲವೆನ್ನುವಷ್ಟು ಕಡಿಮೆ. ಫಲಕ್ಕೆ ಬೀಜವೂ ಬೀಜಕ್ಕೆ ಫಲವೂ ಬೇಕೆಂಬ ಬೀಜಾಂಕುರದ ಸರಣಿ ಇಲ್ಲಿ ಹಣ್ಣಿನಲ್ಲೇ ನಿಂತುಹೋಗುತ್ತದೆಂಬುದು ತಾರ್ಕಿಕರಿಗೆ ಕುತೂಹಲದ ವಿಷಯವಾದೀತು.

ಹಾಗಾದರೆ ಚಳಿಗೆ ಬಿತ್ತುವವನು ಚಳಿಯ ತಳಿಯನ್ನೇ ಹಿಡಿಯಬೇಕಲ್ಲವೇ ಎಂಬುದು ಸಹಜವಾದ ಪೂರ್ವಪಕ್ಷ. ಉತ್ತರದ ಬಯಲಿನಲ್ಲಿ ಈ ಮಾತು ನಿಲ್ಲುತ್ತದೆ, ಏಕೆಂದರೆ ಅಲ್ಲಿ ಮುಂಚಿತವಾಗಿ ಹಾಕಿದ ಬೆಳೆ ಹೂ ಬಿಡುವಾಗಲೂ ರಾತ್ರಿಗಳು ತಣ್ಣಗಿರುತ್ತವೆ. ಕೈಲಾಂಚದಲ್ಲಿ ಇದೇ ತರ್ಕ ಮುಗ್ಗರಿಸುತ್ತದೆ. ಡಿಸೆಂಬರ್ ನಡುವೆ ಹಾಕಿದ ಒಟ್ಲಿನ ಪೈರು ಜನವರಿಯ ಕೊನೆಗೆ ಹೊಲಕ್ಕೆ ಬರುತ್ತದೆ. ಅದು ಹೂ ಬಿಡುವ ಹೊತ್ತಿಗೆ, ಶಿವರಾತ್ರಿಗೆ ಚಳಿ ಶಿವಶಿವ ಎಂದು ಓಡುತ್ತದೆಂಬ ಆಡುಮಾತಿನಂತೆ, ಮಾಗಿ ಕಳೆದಿರುತ್ತದೆ. ಹಣ್ಣು ಬಿಡಿಸುವಾಗ ಬಿರುಬೇಸಿಗೆ. ಬಿಸಿಲೇರಿದಂತೆ ಬಿಳಿನೊಣ ಹೆಚ್ಚಿ ಎಲೆ ಸುರುಳಿ ನಂಜನ್ನು ಗಿಡದಿಂದ ಗಿಡಕ್ಕೆ ದಾಟಿಸುತ್ತದೆ. ಚಳಿಯಲ್ಲಿ ಮೊಳೆತ ಗಿಡದ ನಿಜವಾದ ಸತ್ವಪರೀಕ್ಷೆ ನಡೆಯುವುದು ಬಿಸಿಲಿನಲ್ಲಿ. ಎಂದಮೇಲೆ ಪೂಸಾ ಶೀತಲ್‌ನ ವಿಶೇಷ ಗುಣಕ್ಕೆ ಇಲ್ಲಿ ಕೆಲಸವೇ ಇಲ್ಲ, ನಂಜನ್ನು ತಡೆಯುವ ಗುಣಕ್ಕೆ ಎಲ್ಲ ಕೆಲಸ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಲೆ ಸುರುಳಿ, ದುಂಡಾಣು ಸೊರಗು ರೋಗ, ಮುಂಚಿನ ಅಂಗಮಾರಿ ಈ ಮೂರನ್ನೂ ತಾಳಿಕೊಳ್ಳುವ ಮಿಶ್ರತಳಿಯಾದುದರಿಂದ, ಬಿತ್ತನೆಯ ತಿಂಗಳು ತಣ್ಣಗಿದ್ದರೂ ಇಲ್ಲಿಗೆ ಹೊಂದುವುದು ಅಂಥದ್ದೇ. ನೀರು ಸಾಲದ ಹೊಲಕ್ಕೆ ಅದೇ ಸಂಸ್ಥೆಯ ಅರ್ಕಾ ಮೇಘಾಲಿ, ಅರ್ಕಾ ವಿಕಾಸ್‌ಗಳಂಥ, ತೇವದ ಕೊರತೆಯನ್ನು ಸಹಿಸುವ ತಳಿಗಳೂ ಇವೆ.

ಈ ಸಣ್ಣ ಲೆಕ್ಕಾಚಾರದಲ್ಲಿ ಒಂದು ದೊಡ್ಡ ತತ್ತ್ವ ಅಡಗಿದೆ: ಮಾಡುವ ಕಾಲ ಮತ್ತು ಫಲಿಸುವ ಕಾಲ ಬೇರೆ ಬೇರೆ. ಇಂದು ಮಾಡಿದ ಯಜ್ಞ ಎಂದೋ ಬರುವ ಫಲಕ್ಕೆ ಹೇಗೆ ಕಾರಣವಾದೀತೆಂಬ ತೊಡಕನ್ನು ಬಿಡಿಸಲು ಮೀಮಾಂಸಕರು ಅಪೂರ್ವವೆಂಬ, ಕರ್ಮದಿಂದ ಹುಟ್ಟಿ ಫಲದವರೆಗೆ ಉಳಿದಿರುವ ಕಾಣದ ಶಕ್ತಿಯೊಂದನ್ನು ಒಪ್ಪಬೇಕಾಯಿತು. ಅಪೂರ್ವವನ್ನು ಒಪ್ಪಲಿ ಬಿಡಲಿ, ಅದನ್ನು ಕಲ್ಪಿಸಲು ಪ್ರೇರಿಸಿದ ಅಂತರ ಮಾತ್ರ ನಿಜ. ಕೈ ಒಂದು ಋತುವಿನಲ್ಲಿ ಕೆಲಸ ಮಾಡುತ್ತದೆ, ಅದರ ಕೆಲಸವನ್ನು ಅಳೆಯುವುದು ಮತ್ತೊಂದು ಋತು. ತಾನು ನಿಂತ ಚಳಿಗೆ ಹೆದರಿ ತಳಿಯನ್ನು ಆರಿಸಿದವನು ಎದುರಿಗಿರುವ ಕಷ್ಟವನ್ನು ಕಂಡನೇ ಹೊರತು ಬರಲಿರುವ ಕಷ್ಟವನ್ನು ಕಾಣಲಿಲ್ಲ. ವಿವೇಕವೆಂದರೆ ಒಂದು ಕಾಲದಲ್ಲಿ ನಿಂತು ಇನ್ನೊಂದು ಕಾಲದ ಪರವಾಗಿ ಆರಿಸುವುದು.

ಪೂರ್ವಕೃತವೆಂಬ ಮಾತಿಗೂ ಇಲ್ಲಿ ಹೊಸ ಅರ್ಥ ಒದಗುತ್ತದೆ. ಬೀಜದಂತೆ ವೃಕ್ಷ ಎಂಬ ಗಾದೆ ಮಿಶ್ರತಳಿಯ ವಿಷಯದಲ್ಲಿ ಒಂದೇ ತಲೆಮಾರಿಗೆ ಸೋಲುತ್ತದೆ: ಬೇರೆ ಬೇರೆ ಗುಣದ ಎರಡು ತಳಿಗಳನ್ನು ಕೂಡಿಸಿ ಪಡೆದ ಬೀಜ ಮೊದಲ ಬೆಳೆಯಲ್ಲಿ ಒಂದೇ ಸಮನಾಗಿ ಬಂದರೂ, ಅದರ ಹಣ್ಣಿನಿಂದ ಉಳಿಸಿಕೊಂಡ ಬೀಜ ಬಿತ್ತಿದರೆ ಗುಣಗಳು ಚದರಿ ಗಿಡಕ್ಕೊಂದು ಬಗೆಯಾಗುತ್ತದೆ. ಪ್ರತಿ ಸಲವೂ ಹೊಸ ಬೀಜ ಕೊಳ್ಳಬೇಕಾದ ಬೇಸಾಯಗಾರ ತನ್ನ ಆಯ್ಕೆಯ ಹಿಂದೆ ಇತರರು ವರ್ಷಗಟ್ಟಲೆ ಮಾಡಿದ ಆಯ್ಕೆಗಳ ಋಣವನ್ನು ಹೊತ್ತಿರುತ್ತಾನೆ. ಪೂರ್ವಕೃತವೆಂದರೆ ಒಬ್ಬನ ಹಿಂದಿನ ಜನ್ಮದ ಗಂಟು ಮಾತ್ರವಲ್ಲ, ಹಲವರ ಹಿಂದಿನ ದುಡಿಮೆಯೂ ಹೌದು.

ಉಳಿದುದು ನಿಯತಿ ಮತ್ತು ಪುರುಷ. ಮುಂಚಿತವಾಗಿ ಬಿತ್ತುವ ಆಸೆಯ ಬೇರು ಬೆಲೆಯಲ್ಲಿದೆ. 2023ರ ಜುಲೈನಲ್ಲಿ ಬೆಂಗಳೂರಿನಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿತ್ತು, ಬೇರೆ ವರ್ಷಗಳಲ್ಲಿ ಬಿಡಿಸುವ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆಗೆ ಸುರಿದದ್ದೂ ಉಂಟು. ಕೋಲಾರದ ಮಂಡಿಗೆ ಎಷ್ಟು ಮಾಲು ಬಂದೀತು, ಅಕಾಲದ ಆಲಿಕಲ್ಲು ಎಲ್ಲಿ ಬಿದ್ದೀತು ಎಂಬುವು ಒಟ್ಲು ಹಾಕುವವನ ಕೈಯಲ್ಲಿಲ್ಲ. ಅವನ್ನು ನಿಯತಿಯೆಂದು ಕರೆಯಬಹುದು. ಆದರೆ ಎಲ್ಲವೂ ನಿಯತಿಯೆಂದು ಕೈಚೆಲ್ಲುವುದು ಹೇಗೆ ಮಿಥ್ಯೆಯೋ, ಬೆಲೆ ಬಿದ್ದ ಮೇಲೆ ತಳಿಯನ್ನೇ ತಪ್ಪು ಆರಿಸಿದೆನೆಂದು ಹಲುಬುವುದೂ ಹಾಗೆಯೇ ಮಿಥ್ಯೆ. ಒಳ್ಳೆಯ ಆಯ್ಕೆಗೆ ಕೆಟ್ಟ ಫಲ ಬರಬಹುದು, ಕೆಟ್ಟ ಆಯ್ಕೆಗೆ ಲಾಭ ದಕ್ಕಬಹುದು. ಆಯ್ಕೆಯನ್ನು ಅಳೆಯಬೇಕಾದುದು ಬಿತ್ತುವ ದಿನ ತಿಳಿಯಲು ಸಾಧ್ಯವಿದ್ದುದನ್ನು ತಿಳಿದುಕೊಂಡನೇ ಎಂಬುದರಿಂದ. ಕರ್ಮದಲ್ಲಿ ಅಧಿಕಾರ, ಫಲದಲ್ಲಿ ಅಲ್ಲ ಎಂಬ ಗೀತೆಯ ನಿಲುವು ಉದಾಸೀನಕ್ಕೆ ನೆಪವಲ್ಲ, ಹೊಣೆಯ ಎಲ್ಲೆಯನ್ನು ಗುರುತಿಸುವ ಗೆರೆ.

ಆ ಗೆರೆಯ ಒಳಗೆ ಬೀಳುವುದು ಕಡಿಮೆಯೇನಲ್ಲ. ಎರಡು ಮೂರು ತಳಿಗಳನ್ನು ಬೇರೆ ಬೇರೆ ಮಡಿಗಳಲ್ಲಿ ಹಾಕಿ ನೋಡುವುದು, ರಾತ್ರಿ ಒಟ್ಲಿನ ಮೇಲೆ ಹುಲ್ಲು ಹೊದಿಸಿ ಮೊಳಕೆ ಕಂಡೊಡನೆ ತೆಗೆಯುವುದು, ಬಿಳಿನೊಣ ತಾಗದಂತೆ ಪೈರಿಗೆ ಪರದೆ ಕಟ್ಟುವುದು, ಯಾವ ಮಡಿ ಎಂದು ಮೊಳೆಯಿತು, ಯಾವುದು ಬಿಸಿಲಿಗೆ ನಿಂತಿತು ಎಂಬುದನ್ನು ಮುಂದಿನ ಮಾಗಿಗಾಗಿ ಬರೆದಿಡುವುದು ಪುರುಷನ ಪಾಲು. ಟೊಮೆಟೊಗೆ ಇಲ್ಲದ ಆಪ್ತವಾಕ್ಯ ಮುಂದೊಂದು ದಿನ ಉಂಟಾಗುವುದಾದರೆ ಅದು ಇಂಥ ಬರವಣಿಗೆಗಳಿಂದಲೇ ಉಂಟಾಗಬೇಕು; ರಾಗಿಯ ಮಳೆಯನ್ನು ಗೊತ್ತುಮಾಡಿದ ಹಿರಿಯರೂ ತಮ್ಮ ಕಾಲದಲ್ಲಿ ಹೀಗೆಯೇ ನೋಡಿ, ಸೋತು, ನೆನಪಿಟ್ಟುಕೊಂಡವರು.