ಯಜ್ಞಶಾಲೆಯೂ ತಗಡಿನ ನಾಟಕಶಾಲೆಯೂ

ನಾಲಗೆ ತೊಡರಿಸುವ ಕುರಿಮರಿಗಳ ಮಾತಿನಿಂದ ಕನ್ನಡದ ಮಕ್ಕಳಿಗೆಲ್ಲ ಪರಿಚಿತವಾದ ತರೀಕೆರೆಯ ಏರಿಗೆ ಅನತಿದೂರದ ಅಮೃತಾಪುರದಲ್ಲಿ, ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮಿತಯ್ಯನು 1196ರಲ್ಲಿ ಕಟ್ಟಿಸಿದ ಅಮೃತೇಶ್ವರನ ಗುಡಿಯಿದೆ. ಅದರ ಮಂಟಪದ ತೆಂಕಣ ಗೋಡೆಯಲ್ಲಿ ರಾಮಾಯಣವೂ ಬಡಗಣ ಗೋಡೆಯಲ್ಲಿ ಕೃಷ್ಣಚರಿತೆ, ಭಾರತಗಳೂ ಕಲ್ಲಾಗಿ ನಿಂತಿವೆ. ಅವೇ ಕಥೆಗಳನ್ನು ಮೈಯಿಂದಲೂ ಕೊರಳಿನಿಂದಲೂ ಆಡಿ ತೋರಿಸಿದ ನಾಟಕಶಾಲೆಗಳಿಗಾದರೋ ಅಡಿಗಲ್ಲು ಕೂಡ ಇರಲಿಲ್ಲ. ವಿಕ್ಟೋರಿಯಾ ರಾಣಿಯ ಆಳಿಕೆಯಲ್ಲಿಯೇ, 1884ರಲ್ಲಿ, ಹುಟ್ಟಿದ ಗುಬ್ಬಿಯ ಚನ್ನಬಸವೇಶ್ವರ ನಾಟಕ ಸಂಘವೂ ಅದರ ಓರಗೆಯ ಮಂಡಲಿಗಳೂ, ಲಂಡನ್ನಿನ ರಂಗಶಾಲೆಗಳಿಂದ ಮುಂಬಯಿಯ ಪಾರಸಿ ಕಂಪನಿಗಳ ಕೈಗೆ ಬಂದ ಚೌಕಟ್ಟಿನ ರಂಗವನ್ನೂ ಬಣ್ಣದ ಸೀನುಗಳನ್ನೂ ತಮ್ಮವಾಗಿಸಿಕೊಂಡು, ಅಲ್ಲಿನ ಇಟ್ಟಿಗೆ ಗಾರೆಗಳ ಎಡೆಯಲ್ಲಿ ಗಳು, ತಗಡು, ಚಾಪೆಗಳನ್ನಿಟ್ಟು, ನೆಲ, ಬೆಂಚು, ಕುರ್ಚಿಗಳೆಂಬ ಮೂರು ವರ್ಣಗಳನ್ನು ಮಾತ್ರ ತಪ್ಪದೆ ಉಳಿಸಿಕೊಂಡು, ಊರಿಂದೂರಿಗೆ ಕ್ಯಾಂಪು ಹೂಡಿದುವು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗೆಗೆ ರೈಲು ಓಡತೊಡಗಿದ ಮೇಲೆ ಸೀನುಗಳಲ್ಲಿ ಬರೆದ ಅರಮನೆ ಕಾಡುಗಳ ಗಂಟನ್ನು ಈ ಸೀಮೆಗೆ ತರುವುದು ಸುಲಭವಾಯಿತು.

ಈ ನಾಟಕಶಾಲೆಗಳು ಇಂತು ಎದ್ದು ಇಂತೇ ಅಳಿದುದಕ್ಕಾಗಿ ಶೋಕಿಸುವುದು ಯುಕ್ತವೇ? ಕಾಳಿದಾಸನು ನಾಟ್ಯವನ್ನು ಕಣ್ಣಿಗೆ ಸಲ್ಲುವ ಯಜ್ಞವೆಂದು ಬಗೆದನು. ಯಜ್ಞಶಾಲೆಯೋ ಉಳಿಯಲೆಂದು ಕಟ್ಟುವುದಲ್ಲ. ಕೇರಳದ ನಂಬೂದಿರಿಗಳು ಸೋಮಯಾಗ ಮುಗಿದೊಡನೆ ಶಾಲೆಯನ್ನೇ ಅಗ್ನಿಗೊಪ್ಪಿಸುತ್ತಾರೆ. ಭರತಮುನಿಯ ಕಥೆಯಲ್ಲಿಯೂ ಮೊದಲು ನಡೆದುದು ಆಟ, ಆಮೇಲೆ ಎದ್ದುದು ಮನೆ. ಅಸುರರು ಪ್ರಯೋಗಕ್ಕೆ ವಿಘ್ನವೊಡ್ಡಿದುದರಿಂದ ವಿಶ್ವಕರ್ಮನು ಕಾವಲಿಗಾಗಿ ನಾಟ್ಯಗೃಹವನ್ನು ನಿರ್ಮಿಸಿದನು. ರಸವು ಸಹೃದಯನಲ್ಲಿ ನೆಲಸುವುದಾದರೆ ತಗಡು ಎಲ್ಲಿ ಹೋದರೇನು ಎಂದು ವೇದಾಂತಿಯು ಕೇಳಬಹುದು.

ನನಗಾದರೋ ಈ ಸಮಾಧಾನವು ಪೂರ್ತಿಯಾಗಿ ಒಗ್ಗದು. ಯಜಮಾನನು ಶಾಲೆಯನ್ನು ಸುಡುವುದು ಪೂರ್ಣಾಹುತಿಯ ಅನಂತರ, ಕರ್ಮ ಮುಗಿಯಿತೆಂದು ತಿಳಿದು, ತನ್ನ ಕೈಯಾರೆ. ಕಂಪನಿಯ ಯಜಮಾನನಿಗೆ (ಪದವೇನೋ ಅದೇ!) ಆ ಭಾಗ್ಯವೆಲ್ಲಿಯದು? ಮಳೆ, ಸಾಲ, ಸಿನಿಮಾಗಳು ಬಂದು ಆಟದ ನಡುವೆಯೇ ಅವನ ಶಾಲೆಯನ್ನು ಕಿತ್ತುವು. ನಾಂದಿಯಾದ ಕರ್ಮಕ್ಕೆ ಮಂಗಳವಾಗಲಿಲ್ಲ. ಅನಿತ್ಯವಾದುದು ಹೋಯಿತೆಂಬುದು ತತ್ತ್ವ; ಮುಗಿಯದೆ ಹೋಯಿತೆಂಬುದು ಬೇರೆಯೇ ದುಃಖ, ಅದಕ್ಕೆ ಶಾಸ್ತ್ರದಲ್ಲಿ ಪ್ರಾಯಶ್ಚಿತ್ತವುಂಟು, ಸಾಂತ್ವನವಿಲ್ಲ.

ಅಮೃತಾಪುರದ ರಾಮಾಯಣವನ್ನು ರೂವಾರಿಗಳು ಎಡಸುತ್ತಾಗಿ ಬಿಡಿಸಿದ್ದಾರೆ. ಬಲವಂದು ಹೋಗುವ ಭಕ್ತನಿಗೆ ಅಲ್ಲಿ ಕಥೆಯು ಕಡೆಯಿಂದ ಮೊದಲಿನೆಡೆಗೆ ಸಾಗುತ್ತದೆ. ನಡೆದಷ್ಟೂ ಆಟವು ಇನ್ನೂ ತೊಡಗದ ಇರುಳಿಗೆ ಅವನು ಸಮೀಪನಾಗುತ್ತಾನೆ.